ಎರಡನೇ ಗುಂಡಿನ ಸಿದ್ಧತೆ

ನಮ್ಮ ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂಬದಿಯ ತುದಿಯನ್ನು ಕತ್ತರಿಸಿ ಬೇಟೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಇದು ಶಿಕ್ಷೆಯಲ್ಲ, ಸಂಪ್ರದಾಯ ಎಂದು ಕತ್ತರಿ ಹಿಡಿದವರು ಹೇಳುತ್ತಾರೆ. ಅಂಗಿ ತೊಟ್ಟವರ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿಲ್ಲ. ಹೆಮ್‌ಲಾಕ್ ಫೋರ್ಕ್ ಎಂಬ ನಮ್ಮೂರಿನ ಬೇಟೆಮನೆಯ ಉತ್ತರದ ಗೋಡೆ ಬಹುಪಾಲು ಓರ್ವಿಲ್ ಕ್ಲಿಂಗರನ ಅಂಗಿಗಳಿಂದಲೇ ಮುಚ್ಚಿಹೋಗಿತ್ತು. ಗಾಳಿ ಆ ಕಡೆಯಿಂದಲೇ ಬೀಸುತ್ತಿದ್ದುದರಿಂದ ಉಳಿದ ಬೇಟೆಗಾರರು ಅವನಿಗೆ ಋಣಿಗಳಾಗಿದ್ದರು.

ಕ್ರಿಸ್ಮಸ್ಸಿನ ಮಾರನೆಯ ದಿನ ಚಕಮಕಿ ಕೋವಿಯ ಬೇಟೆ ಶುರುವಾಗುತ್ತದೆ. ರೈಫಲ್ ಹಿಡಿದವರೆಲ್ಲ ಹೊಡೆಯುವುದನ್ನು ಹೊಡೆದು ಮುಗಿಸಿದ ಮೇಲೆ, ಜಾಣ ಜಿಂಕೆಗಳು ಮಾತ್ರ ಉಳಿದಿರುವಾಗ, ತುದಿಯ ಬಾಯಿಂದ ಮದ್ದು ತುಂಬಿ ಒಮ್ಮೆಗೆ ಒಂದೇ ಗುಂಡು ಹೊಡೆಯುವ ಮುತ್ತಾತನ ಕಾಲದ ಕೋವಿ ಹೊತ್ತು ಹಿಮದಲ್ಲಿ ಹೋಗುವ ಬೇಟೆ ಅದು. ಖುಷಿಗಾಗಿ ಹೋಗುವವರೂ ಇದ್ದಾರೆ. ಓರ್ವಿಲ್ ಹೋದದ್ದು ಫ್ರೀಜರ್ ಖಾಲಿ ಇದ್ದುದಕ್ಕೆ. ಸಮುದ್ರದಾಚೆ ಎಲ್ಲೋ ಮರವೂ ಮನುಷ್ಯರೂ ಅಗ್ಗ ಎಂದು ಕಂಡುಹಿಡಿದ ಕಂಪನಿ ವಸಂತದಲ್ಲಿ ಕಾಗದದ ಮಿಲ್ಲಿಗೆ ಬೀಗ ಹಾಕಿತು. ಬೇಸಿಗೆ ಮುಗಿಯುವಷ್ಟರಲ್ಲಿ ಹಿಂದಿನ ವರ್ಷದ ಮಾಂಸ ಮುಗಿಯಿತು. ಡಿಸೆಂಬರಿನ ರೈಫಲ್ ಬೇಟೆಯಲ್ಲಿ ಅವನಿಗೆ ಜಿಂಕೆಯ ಬಾಲವೂ ಕಾಣಲಿಲ್ಲ. ಜನವರಿಯಲ್ಲಿ ಈ ಬೇಟೆಯೂ ಮುಗಿಯುವುದರೊಳಗೆ ಒಂದು ಜಿಂಕೆ ಮನೆಗೆ ಬರದಿದ್ದರೆ, ಹಿಮ ಕರಗುವವರೆಗೆ ಗಂಡ ಹೆಂಡತಿ ಆಲೂಗಡ್ಡೆಯನ್ನೇ ಬೇರೆ ಬೇರೆ ಹೆಸರಿಟ್ಟು ತಿನ್ನಬೇಕಾಗಿತ್ತು.

ಮೊದಲ ದಿನವೇ ಜಿಂಕೆ ಸಿಕ್ಕಿತು. ಓರ್ವಿಲ್ ಹೊಡೆದ. ಹೊಗೆ ಕರಗಿದಾಗ ಜಿಂಕೆ ಅಲ್ಲೇ ನಿಂತಿತ್ತು. ಗುಂಡು ಎಲ್ಲಿ ಹೋಯಿತೆಂದು ಅದೂ ಸುತ್ತ ನೋಡುತ್ತಿತ್ತು. ಓರ್ವಿಲ್ ಎರಡನೇ ಬಾರಿ ಮದ್ದು ತುಂಬಲು ಶುರುಮಾಡಿದ. ಮದ್ದು ತುಂಬಿಡುವ ಕೊಂಬಿನ ಬಿರಡೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ, ಅದು ನಾಲಿಗೆಯಡಿ ಸೇರಿಕೊಂಡಿತು. ಗುಂಡಿಗೆ ಸುತ್ತುವ ಬಟ್ಟೆಯ ಚೂರು ಹಿಮದಲ್ಲಿ ಬಿತ್ತು. ಬಿಳಿ ಹಿಮ, ಬಿಳಿ ಬಟ್ಟೆ. ಹುಡುಕಿ ತೆಗೆಯುವಷ್ಟರಲ್ಲಿ ಗುಂಡು ಬೆರಳ ಸಂದಿನಿಂದ ಜಾರಿ ಬೂಟಿನೊಳಗೆ ಇಳಿಯಿತು. ಜಿಂಕೆ ಬಹಳ ಹೊತ್ತು ಸೌಜನ್ಯದಿಂದ ಕಾಯಿತು. ಆಮೇಲೆ ಅದಕ್ಕೂ ಮನೆಯಲ್ಲಿ ಕೆಲಸವಿತ್ತೋ ಏನೋ, ಹೊರಟುಹೋಯಿತು.

ಆ ಸಂಜೆ ಬೇಟೆಮನೆಯಲ್ಲಿ ಅವನ ಅಂಗಿ ಕತ್ತರಿಸಿದವನು ಹೆಂಡತಿಯ ತಮ್ಮ ರಸ್ಸೆಲ್ ಬೆಂಡರ್.

"ಭಾವ, ಸ್ವಲ್ಪ ಬಗ್ಗು. ಈ ಸಲ ಜೇಬಿನವರೆಗೂ ಕತ್ತರಿಸ್ಬೇಕು. ಗೋಡೇಲಿ ಇನ್ನೊಂದು ಕಿಂಡಿ ಉಳಿದಿದೆ."

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಎಲ್ಲರೂ ಮಿಲ್ಲಿನಿಂದ ಹೊರಬಿದ್ದವರೇ. ನಗಲು ಬೇರೆ ವಿಷಯ ಸಿಕ್ಕದೆ ತಿಂಗಳುಗಳಾಗಿದ್ದವು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಹೆಮ್‌ಲಾಕ್ ಫೋರ್ಕಿನ ಚರಿತ್ರೆ ಬೇರೆಯಾಗುತ್ತಿತ್ತು. ಆದರೆ ಓರ್ವಿಲ್ ಎದೆ ಸೆಟೆಸಿ ಹೇಳಿದ, "ನಗ್ರಪ್ಪಾ, ನಗ್ರಿ. ಗುರಿ ತಪ್ಪಿದ್ದಲ್ಲ ಅದು. ಮೊದಲನೇ ಗುಂಡು ಯಾವಾಗ್ಲೂ ಪರೀಕ್ಷೆಗೆ. ಕೆಲಸ ಮಾಡೋದು ಎರಡನೇ ಗುಂಡು. ಇನ್ನೊಂದು ಸಲ ಬನ್ನಿ, ಹೊಗೆ ಕರಗೋದ್ರೊಳಗೆ ಎರಡನೇದು ಹೊಡೆದು ತೋರಿಸ್ತೀನಿ. ಬೇಕಾದ ಸಾಮಾನು ಜೊತೇಲಿ ಇರ್ಬೇಕು, ಅಷ್ಟೆ!"

ಯಾವ ಸಾಮಾನು ಎಂದು ಯಾರೂ ಕೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಮರುದಿನ ಅಡುಗೆಮನೆಯ ಮೇಜಿನ ಮೇಲೆ ಆಯ್ಕೆ ಶುರುವಾಯಿತು. ಅಳತೆ ಮಾಡಿದ ಮದ್ದು ಒಂದು ತುದಿಯಲ್ಲಿ, ಗುಂಡು ಇನ್ನೊಂದು ತುದಿಯಲ್ಲಿ ಇರುವ ಪ್ಲಾಸ್ಟಿಕ್ ನಳಿಗೆಗಳು. ನಳಿಗೆ ಒಡೆದರೆ ಇರಲೆಂದು ಮದ್ದಿನ ಕೊಂಬು. ಕೋವಿಯಲ್ಲಿ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ನುಣ್ಣನೆಯ ಮದ್ದು, ಅದಕ್ಕೊಂದು ಮರಿ ಕೊಂಬು. ಹಂದಿಕೊಬ್ಬು ಸವರಿದ ಬಟ್ಟೆಯ ಚೂರುಗಳ ಡಬ್ಬಿ. ಕೋವಿಯ ಬಾಯಲ್ಲಿ ಗುಂಡನ್ನು ಮೊದಲು ಒತ್ತುವ ಗಿಡ್ಡ ಕೋಲು. ಆಮೇಲೆ ಕೆಳಗಿನವರೆಗೆ ಜಡಿಯುವ ಉದ್ದನೆಯ ಗಜ. ಮರದ್ದು ಮುರಿದರೆ ಹಿತ್ತಾಳೆಯದು. ಚಕಮಕಿ ಕಲ್ಲುಗಳು. ಕಿಡಿ ಒಳಹೋಗುವ ಕಿಂಡಿ ಕಟ್ಟಿದರೆ ಚುಚ್ಚುವ ಸೂಜಿ. ಮದ್ದು ಹಾಕಲು ಮರೆತು ಬರೀ ಗುಂಡು ಜಡಿದುಬಿಟ್ಟರೆ ಅದನ್ನು ಕೀಳುವ ತಿರುಪು.

"ಈ ತಿರುಪು ಬಿಟ್ಟು ಹೋಗು, ಓರ್ವಿಲ್. ಮದ್ದು ಹಾಕೋದನ್ನ ಯಾರಾದ್ರೂ ಮರೀತಾರಾ?" ಎಂದಳು ಹೆಂಡತಿ ಡಾರ್ಲಾ.

ಓರ್ವಿಲ್ ಅವಳನ್ನು ನೋಡಿದ. ಅವಳು ಅವನನ್ನು ನೋಡಿದಳು. ತಿರುಪನ್ನು ಅವಳೇ ಎತ್ತಿ ಚೀಲಕ್ಕೆ ಹಾಕಿದಳು.

"ಹೋಗ್ಲಿ, ಹಿತ್ತಾಳೆ ಗಜ ಬಿಡು."

"ಮರದ್ದು ಮುರಿದ್ರೆ?"

"ಮರಿ ಕೊಂಬು?"

"ದೊಡ್ಡ ಕೊಂಬಿನ ಮದ್ದು ತೇವ ಆದ್ರೆ?"

"ತೇವ ಆದ್ರೆ ಮನೆಗೆ ಬಾ ಮಾರಾಯ!"

"ಮನೇಲಿ ಏನಿದೆ?" ಎಂದ ಓರ್ವಿಲ್.

ಡಾರ್ಲಾ ಎಲ್ಲವನ್ನೂ ಚೀಲಕ್ಕೆ ಹಾಕಿದಳು. ಸೂಜಿದಾರ ತಂದು ಅವನ ಹಳೆಯ ಮಿಲ್ಲಿನ ಜಾಕೆಟ್ಟಿನ ತೋಳು ಕತ್ತರಿಸಿ ಎದೆಯ ಮೇಲೆ ಸಾಲುಸಾಲಾಗಿ ಕುಣಿಕೆ ಹೊಲಿಯಲು ಕೂತಳು. ಪ್ರತಿ ಕುಣಿಕೆಗೂ ಒಂದು ನಳಿಗೆ. ಒಂದೇ ಸಾಲು ಸಾಕಾಗಿತ್ತು. ಬಟ್ಟೆ ಉಳಿದಿತ್ತೆಂದು ಬೆನ್ನಿಗೂ ಹೊಲಿದಳು. ಬೆನ್ನಿನ ಮೇಲಿನ ನಳಿಗೆಯನ್ನು ಕೈಯೆಟುಕಿಸಿ ತೆಗೆಯುವುದು ಹೇಗೆಂಬುದನ್ನು ಆ ಉತ್ಸಾಹದಲ್ಲಿ ಇಬ್ಬರೂ ಯೋಚಿಸಲಿಲ್ಲ.

ಹಲವು ದಿನ ಅಂಗಳದಲ್ಲಿ ಅಭ್ಯಾಸ ನಡೆಯಿತು. ಡಾರ್ಲಾ ಗಡಿಯಾರ ಹಿಡಿದು ನಿಲ್ಲುವಳು. ಓರ್ವಿಲ್ "ಮದ್ದು! ಗುಂಡು! ಜಡಿ! ಕಿಡಿ!" ಎಂದು ಕೂಗುತ್ತ ಎದೆಯಿಂದ ನಳಿಗೆ ಕಿತ್ತು ತುಂಬುವ ನಟನೆ ಮಾಡುವನು. ಪಕ್ಕದ ಮನೆಯ ಹೇಜಲ್ ಫ್ರಾಂಟ್ಸ್ ಅಜ್ಜಿ ಪರದೆಯ ಸಂದಿನಿಂದ ಇದನ್ನು ನೋಡಿದಳು. ಅವಳ ಗಂಡ ಸುಣ್ಣದ ಕಲ್ಲಿನ ಗಣಿಯಲ್ಲಿ ಬಂಡೆಗೆ ಸಿಡಿಮದ್ದು ಇಡುತ್ತಿದ್ದವನು. ಎದೆಯ ಮೇಲೆ ಮದ್ದಿನ ನಳಿಗೆ ಕಟ್ಟಿಕೊಂಡ ಬೇಟೆಗಾರನನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ. ಕೆಲಸ ಕಳೆದುಕೊಂಡು ತಲೆಕೆಟ್ಟವರನ್ನು ಬೇಕಾದಷ್ಟು ಕಂಡಿದ್ದಳು. ಎರಡನ್ನೂ ಕೂಡಿಸಿ, ಓರ್ವಿಲ್ ಎದೆಗೆ ಬಾಂಬ್ ಕಟ್ಟಿಕೊಂಡಿದ್ದಾನೆಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಜನಕ್ಕೆ ಗುಟ್ಟಾಗಿ ಹೇಳಿದಳು. ನಮ್ಮೂರಿನಲ್ಲಿ ಒಂದು ಸುದ್ದಿ ಎಲ್ಲರಿಗೂ ತಲುಪಬೇಕಾದರೆ ಅದನ್ನು ಗುಟ್ಟಾಗಿಯೇ ಹೇಳಬೇಕು.

ಸೋಮವಾರ ಬೆಳಿಗ್ಗೆ ಓರ್ವಿಲ್ ಎಲ್ಲವನ್ನೂ ತೊಟ್ಟು, ಹೊತ್ತು, ಸಿಕ್ಕಿಸಿಕೊಂಡು ಹೊರಟ. ನಡೆದರೆ ಪಾತ್ರೆ ಅಂಗಡಿಯೇ ನಡೆದಂತೆ ಸದ್ದಾಗುತ್ತಿತ್ತು. ಬೇಟೆಮನೆ ಇರುವುದು ಮಿಲ್ಲಿನ ಹಿಂದಿನ ಗುಡ್ಡದ ಮೇಲೆ. ದಾರಿ ಹಾಯುವುದು ಮಿಲ್ಲಿನ ಗೇಟಿನ ಮುಂದೆ. ಅಜ್ಜಂದಿರ ಕಾಲದಿಂದಲೂ ಕಂಪನಿಯ ಆ ಗುಡ್ಡದಲ್ಲಿ ಕೆಲಸಗಾರರು ಬೇಟೆಯಾಡುತ್ತ ಬಂದಿದ್ದರು. ಉಳಿದ ಗುಡ್ಡಗಳನ್ನೆಲ್ಲ ನಗರದವರ ಕ್ಲಬ್ಬುಗಳು ಕೊಂಡು ಪ್ರವೇಶವಿಲ್ಲವೆಂಬ ಹಳದಿ ಫಲಕ ಜಡಿದಾಗಿತ್ತು.

ಗೇಟಿನವರೆಗೆ ಬರುವಷ್ಟರಲ್ಲಿ ಓರ್ವಿಲನ ಮೊಣಕಾಲು ಸೋತಿತು. ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ, ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಉಸ್ಸಪ್ಪಾ ಎಂದು ಕೂತ.

ಆ ಹೊತ್ತಿಗೆ ಒಳಗೆ ಮ್ಯಾನೇಜರ್ ವಿಟ್‌ಕಂಬ್ ಇದ್ದರು. ಮಿಲ್ಲು ಮುಚ್ಚಿದ್ದರೂ ಯಂತ್ರಗಳನ್ನು ತೂಕಕ್ಕೆ ಮಾರಲು ಒಬ್ಬ ಮ್ಯಾನೇಜರ್ ಬೇಕಲ್ಲ. ಕಿಟಕಿಯಿಂದ ನೋಡಿದರು. ಚರ್ಚಿನ ಮೆಟ್ಟಿಲ ಗುಟ್ಟು ಅವರನ್ನೂ ತಲುಪಿತ್ತು. ಅವರು ಎರಡೂ ಕೈ ಮೇಲೆತ್ತಿಕೊಂಡು, ಹಿಮದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹೊರಗೆ ಬಂದರು. ಕೆಲಸ ಹೋದವರು ಬರೆದ ಒಂದು ಪತ್ರಕ್ಕೂ ಉತ್ತರ ಕೊಡದ ಕಂಪನಿ ಹೀಗೆ ತಾನಾಗಿ ಗೇಟಿಗೆ ನಡೆದು ಬಂದದ್ದು ಅದೇ ಮೊದಲು.

"ಮಿಸ್ಟರ್... ಮಿಸ್ಟರ್..."

"ಕ್ಲಿಂಗರ್ ಸರ್. ಮೂರನೇ ಮೆಷೀನು. ಹುಡುಗನಾಗಿ ಸೇರಿದ್ದು."

"ಮಿಸ್ಟರ್ ಕ್ಲಿಂಗರ್! ಎಂಥ ಒಳ್ಳೇ ಹೆಸರು! ನಿಮಗೆ ಏನು ಬೇಕು ಹೇಳಿ. ಕೂತು ಮಾತಾಡಿ ಬಗೆಹರಿಸ್ಕೊಳ್ಳೋಣ."

"ಏನೂ ಬೇಡ ಸರ್. ಸುಸ್ತಾಗಿದೆ, ಕೂತಿದೀನಿ."

ಏನೂ ಬೇಡ ಎನ್ನುವ ಕೆಲಸಗಾರನಷ್ಟು ಅಪಾಯಕಾರಿ ಇನ್ನೊಬ್ಬನಿಲ್ಲ ಎಂದು ಮ್ಯಾನೇಜರುಗಳಿಗೆ ಕಲಿಸಿರುತ್ತಾರೆ. ವಿಟ್‌ಕಂಬರ ಮೂಗಿನ ತುದಿ ಬೆಳ್ಳಗಾಯಿತು.

"ಆಸ್ಪತ್ರೆ ವಿಮೆ ನಿಲ್ಲಿಸಿದ್ದಕ್ಕಾ? ಅದು ನಾನಲ್ಲ ಮಿಸ್ಟರ್ ಕ್ಲಿಂಗರ್, ಮೇಲಿನವರು."

"ಮೇಲಿನವರು ಅಂದ್ರೆ ಯಾರು ಸರ್?"

"ಅದು ನನಗೂ ಗೊತ್ತಿಲ್ಲ," ಎಂದರು ವಿಟ್‌ಕಂಬ್. ಅವರು ಆಡಿದ ಮೊದಲ ಸತ್ಯವೆಂದು ಊರು ಇವತ್ತಿಗೂ ಇದನ್ನೇ ತೋರಿಸುತ್ತದೆ. ಆಮೇಲೆ ಓರ್ವಿಲನ ಎದೆಯತ್ತ ಬೆರಳು ತೋರಿಸಿದರು. "ಅದು... ಎದೆ ಮೇಲಿರೋದು... ಎಷ್ಟು ಹೊತ್ತು ಬೇಕು?"

ಓರ್ವಿಲನ ಮುಖ ಅರಳಿತು. ಇಡೀ ಊರಿನಲ್ಲಿ ಅವನ ಸಿದ್ಧತೆಯ ಬಗ್ಗೆ ಕಾಳಜಿಯಿಂದ ಕೇಳಿದ ಮೊದಲ ಮನುಷ್ಯ ಇವರು.

"ಅರ್ಧ ನಿಮಿಷ ಸರ್! ಮೊದಲು ಕಾಲು ಗಂಟೆ ಹಿಡೀತಿತ್ತು. ಹೆಂಡ್ತಿ ಹೊಲಿದುಕೊಟ್ಟ ಮೇಲೆ ಅರ್ಧ ನಿಮಿಷಾನೂ ಬೇಡ. ತೋರಿಸ್ಲಾ?"

ವಿಟ್‌ಕಂಬ್ ಆ ವಯಸ್ಸಿನಲ್ಲಿ ಅಷ್ಟು ವೇಗವಾಗಿ ಓಡಬಲ್ಲರೆಂದು ಅವರ ವೈದ್ಯರೂ ನಂಬಿರಲಿಲ್ಲವಂತೆ.

ಸ್ವಲ್ಪ ಹೊತ್ತಿಗೆ ಪೊಲೀಸ್ ಕಾರು ಬಂತು. ಇಳಿದವನು ಟ್ರೂಪರ್ ಶೇಫರ್. ನೋಡಿದೊಡನೆ ಕೋವಿ ಯಾವುದೆಂದು ಅವನಿಗೆ ತಿಳಿಯಿತು, ಅವನೂ ಬೇಟೆಗಾರನೇ. ಆದರೆ ದೂರು ದೂರೇ. ಕಾರಿನ ಬಾನೆಟ್ಟಿನ ಮೇಲೆ ಕಂಬಳಿ ಹಾಸಿ, ಓರ್ವಿಲನ ಮೈಮೇಲಿನ ಒಂದೊಂದೇ ಸಾಮಾನನ್ನು ತೆಗೆದಿಡುತ್ತ ರೇಡಿಯೋದಲ್ಲಿ ಕ್ಯಾಪ್ಟನ್ನನಿಗೆ ವರದಿ ಮಾಡತೊಡಗಿದ.

"ಕ್ಯಾಪ್ಟನ್, ಒಂದು ಡಬ್ಬಿ ಸಿಕ್ಕಿದೆ. ಒಳಗೆ ಹಂದಿಕೊಬ್ಬು ಸವರಿದ ಬಟ್ಟೆ ಚೂರು."

"ಹಂದಿಕೊಬ್ಬಾ?" ರೇಡಿಯೋ ಗುಡುಗಿತು. "ಈ ಚಳೀಲಿ ಹಂದಿಕೊಬ್ಬು ಕಲ್ಲಾಗಲ್ವೇನೋ! ಕರಡಿಕೊಬ್ಬು ಹಾಕು ಅಂತ ಹೇಳು ಅವನಿಗೆ."

"ನಾನು ಜೇನುಮೇಣ ಬೆರೆಸ್ತೀನಿ ಕ್ಯಾಪ್ಟನ್."

"ಅದಕ್ಕೇ ನಿನಗೆ ಈ ವರ್ಷವೂ ಜಿಂಕೆ ಇಲ್ಲ. ಮುಂದೆ ಹೇಳು."

"ಗಜ ಎರಡು."

"ಎರಡ್ಯಾಕೆ?"

"ಎರಡ್ಯಾಕೆ ಯಜಮಾನ್ರೇ?" ಶೇಫರ್ ಓರ್ವಿಲನನ್ನು ಕೇಳಿದ.

"ಒಂದು ಮುರಿದ್ರೆ ಅಂತ."

"ಮುರಿದ್ರೆ ಅಂತ, ಕ್ಯಾಪ್ಟನ್."

"ಇಷ್ಟು ಹೆದರೋನು ಬಾಂಬ್ ಹಾಕಲ್ಲ ಬಿಡು," ಎಂದಿತು ರೇಡಿಯೋ.

ಶೇಫರ್ ಓರ್ವಿಲನ ಬೆನ್ನಿಗೆ ಬಂದು ತಡೆದು ನಿಂತ. "ಇಲ್ಲೂ ನಳಿಗೆ ಇದೆಯಲ್ಲ! ಇದನ್ನ ಹೆಂಗೆ ತೆಗೀತೀರಿ?"

ಓರ್ವಿಲ್ ಕೈ ಹಿಂದೆ ಹಾಕಿ ನೋಡಿದ. ಎಟುಕಲಿಲ್ಲ. ಇನ್ನೊಂದು ಕೈ ಹಾಕಿದ. ತನ್ನ ಬಾಲ ತಾನೇ ಹಿಡಿಯಹೊರಟ ನಾಯಿಯಂತೆ ಎರಡು ಸುತ್ತು ಸುತ್ತಿ, ಹಿಮದಲ್ಲಿ ಕುಕ್ಕರಿಸಿದ. ವಿಟ್‌ಕಂಬ್ ಒಳಗಿನಿಂದ, "ತಿರುಗ್ತಿದಾನೆ! ತಿರುಗ್ತಿದಾನೆ!" ಎಂದು ಫೋನಿನಲ್ಲಿ ಕೂಗುವುದು ಹೊರಗೂ ಕೇಳಿಸಿತು.

ಓರ್ವಿಲ್ ನಿರಪರಾಧಿಯೆಂದು ಪೊಲೀಸರು ಅಂದೇ ಬಿಟ್ಟರು. ಮದ್ದನ್ನು ಮಾತ್ರ ಪರೀಕ್ಷೆಗೆಂದು ಇಟ್ಟುಕೊಂಡರು. ಕಂಪನಿ ಹಾಗೆ ಬಿಡಲಿಲ್ಲ. ದೂರದ ನಗರದಲ್ಲಿ ಕೂತ, ಹೆಸರೇ ಗೊತ್ತಿಲ್ಲದ ಆ ಮೇಲಿನವರು ಎರಡು ಆಜ್ಞೆ ಹೊರಡಿಸಿದರು. ಒಂದು, ಹಿಂದಿನ ಗುಡ್ಡಕ್ಕೂ ಹಳದಿ ಫಲಕ ಹೊಡೆದು ಬೇಟೆಮನೆಗೆ ಬೀಗ ಹಾಕುವುದು. ಎರಡು, ಗೇಟಿಗೆ ತಕ್ಷಣ ಕಾವಲುಗಾರರನ್ನು ನೇಮಿಸುವುದು.

ಆ ಹಿಮದಲ್ಲಿ ನಿಲ್ಲಲು ಹೊರಗಿನಿಂದ ಯಾರು ಬರುತ್ತಾರೆ? ಊರಿನವರನ್ನೇ ತೆಗೆದುಕೊಂಡರು. ತಿಂಗಳುಗಟ್ಟಲೆ ಅರ್ಜಿ ಹಿಡಿದು ಅಲೆದವರಿಗೆ ಒಂದೇ ಮಧ್ಯಾಹ್ನದಲ್ಲಿ ಟೋಪಿ, ಕೋಟು, ಸೀಟಿ ಸಿಕ್ಕಿದವು. ಮನುಷ್ಯನನ್ನು ದುಡಿಸಿಕೊಳ್ಳಲು ಹಣವಿಲ್ಲದ ಕಂಪನಿಗೆ ಅವನನ್ನು ತಡೆಯಲು ಬೇಕಾದಷ್ಟು ಹಣವಿತ್ತು. ಮೊದಲ ಟೋಪಿ ರಸ್ಸೆಲನಿಗೆ.

ಊರು ಓರ್ವಿಲನನ್ನು ಹೇಗೆ ನೋಡಬೇಕೆಂದು ತಿಳಿಯದೆ ಒದ್ದಾಡಿತು. ದಿನಸಿ ಅಂಗಡಿಯ ಬಾಗಿಲಲ್ಲಿ ಸಿಕ್ಕ ಹೇಜಲ್ ಅಜ್ಜಿ, "ನಮ್ಮ ಅಳಿಯನಿಗೆ ಗೇಟಿನಲ್ಲಿ ಕೆಲಸ ಆಯ್ತು ಕಣಪ್ಪಾ, ದೇವರು ನಿನ್ನ ಚೆನ್ನಾಗಿಟ್ಟಿರ್ಲಿ," ಎಂದವಳೇ ಅದೇ ಉಸಿರಿನಲ್ಲಿ, "ಗುಡ್ಡ ಮುಚ್ಚಿಸಿದ್ಯಲ್ಲೋ ಪಾಪಿ, ಇನ್ನು ಮಾಂಸಕ್ಕೆ ಏನ್ಮಾಡೋಣ?" ಎಂದು ಬೈದಳು.

ಓರ್ವಿಲನೂ ಕಾವಲು ಕೆಲಸಕ್ಕೆ ಅರ್ಜಿ ಹಾಕಿದ. ನೇಮಕ ಮಾಡುವವನು ಅವನನ್ನು ಗೌರವದಿಂದ ಕೂರಿಸಿದ.

"ನಿಮ್ಮನ್ನ ತಗೊಂಡ್ರೆ ಕಾಯೋದು ಯಾರಿಂದ, ಮಿಸ್ಟರ್ ಕ್ಲಿಂಗರ್?" ಎಂದು ಕೇಳಿದ.

ಓರ್ವಿಲ್ ಬಹಳ ಯೋಚಿಸಿದ. ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಆ ವಾರ ಅವನು ಮನೆಯಿಂದ ಹೊರಬೀಳಲಿಲ್ಲ. ಅದೇ ತೊಂದರೆಯಾಯಿತು. ರಸ್ಸೆಲ್ ಇನ್ನಿಬ್ಬರು ಕಾವಲುಗಾರರನ್ನು ಕಟ್ಟಿಕೊಂಡು ಬಂದು, ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಕೂತ. ಡಾರ್ಲಾ ಬೇಯಿಸಿದ ಆಲೂಗಡ್ಡೆ ಮುಂದಿಟ್ಟಳು.

"ಭಾವ, ನೀನು ಕಾಣಿಸ್ಕೊಳ್ಳೋದೇ ಇಲ್ವಲ್ಲ. ಶನಿವಾರ ನಗರದಿಂದ ಸಾಹೇಬ್ರು ಬರ್ತಾರಂತೆ. ಅಪಾಯ ಏನೂ ಇಲ್ಲ ಅಂತ ಅನ್ನಿಸಿದ್ರೆ ನಮ್ಮನ್ನೆಲ್ಲ ತೆಗೆದುಹಾಕ್ತಾರೆ."

"ಅಪಾಯ ಇಲ್ವಲ್ಲೋ."

"ಅದು ನಮಗೆ ಗೊತ್ತಿಲ್ವಾ? ನೀನು ಎದುರಿಗಿರೋ ಲೋಟಕ್ಕೆ ಹೊಡೆದ್ರೂ ಗುರಿ ತಪ್ಪತ್ತೆ. ಆದ್ರೆ ಅವರಿಗೆ ಗೊತ್ತಾಗ್ಬಾರ್ದು. ಜಾಕೆಟ್ ಹಾಕ್ಕೊಂಡು ಬಂದು ಗೇಟಿನ ಹತ್ರ ಒಂದು ಗಳಿಗೆ ಕೂತು ಹೋಗು. ನೀನು ಮನುಷ್ಯರನ್ನ ಹೆದರಿಸ್ತೀಯ ಅಂತ ನಮಗೆಷ್ಟು ಹೆಮ್ಮೆ ಗೊತ್ತಾ?"

"ಶನಿವಾರ ಬೇಟೆಯ ಕಡೇ ದಿನ ಕಣೋ ರಸ್ಸೆಲ್," ಎಂದಳು ಡಾರ್ಲಾ. "ನಿಮ್ಮಲ್ಲಿ ಒಬ್ಬರಾದ್ರೂ ಹೋಗಿ ಒಂದು ಜಿಂಕೆ ಹೊಡೆದು ತಂದ್ಕೊಡಿ. ಇವನನ್ನ ನಾನೇ ಕಳಿಸ್ತೀನಿ."

"ಹೆಂಗಕ್ಕಾ ಹೋಗೋದು? ಬೆಳಗಿಂದ ಸಂಜೆವರೆಗೂ ಡ್ಯೂಟಿ," ಎಂದ ರಸ್ಸೆಲ್, ಆಲೂಗಡ್ಡೆ ಬಾಯಿಗಿಟ್ಟುಕೊಳ್ಳುತ್ತ. "ಗುಡ್ಡ ಬೇರೆ ನಾವೇ ಕಾಯ್ತಿದೀವಿ."

ಶನಿವಾರ ಬೆಳಿಗ್ಗೆ ಟ್ರೂಪರ್ ಶೇಫರ್ ತಾನಾಗಿ ಬಂದು ಮದ್ದನ್ನು ಹಿಂದಿರುಗಿಸಿದ. ಅಡುಗೆಮನೆಯ ಮೇಜಿನ ಮೇಲೆ ಸಾಮಾನೆಲ್ಲ ಹರಡಿ, ಬೇಡದ್ದನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದ. ಉಳಿದದ್ದು ಎಡಗೈಗೆ ಎಟುಕುವಂತೆ ಮೂರು ನಳಿಗೆ, ಮರಿ ಕೊಂಬು, ಮೂರು ಬಟ್ಟೆಯ ಚೂರು, ಗಿಡ್ಡ ಕೋಲು, ಮರದ ಗಜ, ಸೂಜಿ, ಒಂದು ಕಲ್ಲು.

"ಇಷ್ಟೇ ಯಜಮಾನ್ರೇ. ಎರಡನೇ ಗುಂಡಿಗೆ ಇಷ್ಟೇ ಸಾಕು."

ಓರ್ವಿಲ್ ತುಂಬಿ ನೋಡಿದ. ಅರ್ಧ ನಿಮಿಷವೂ ಆಗಲಿಲ್ಲ. ಏನೂ ಬೀಳಲಿಲ್ಲ, ಏನೂ ಬೂಟಿನೊಳಗೆ ಹೋಗಲಿಲ್ಲ. ಅವನು ಗಾಳಿಯಷ್ಟು ಹಗುರವಾಗಿ ಮನೆಯಿಂದ ಇಳಿದು, ಮಿಲ್ಲಿನ ಗೇಟು ದಾಟಿ, ಗುಡ್ಡದ ದಾರಿಗೆ ಕಾಲಿಟ್ಟ.

ಸೀಟಿ ಮೊಳಗಿತು. ರಸ್ಸೆಲ್ ಓಡಿಬಂದು ಅಡ್ಡ ನಿಂತ.

"ಭಾವ, ಎಲ್ಲಿಗೆ? ಜಾಕೆಟ್ ಎಲ್ಲಿ?"

"ದಾರಿ ಬಿಡೋ. ಇವತ್ತು ಸಂಜೆಗೆ ಬೇಟೆ ಮುಗಿಯತ್ತೆ."

"ಗುಡ್ಡಕ್ಕೆ ಯಾರನ್ನೂ ಬಿಡಬೇಡಿ ಅಂತ ಆಜ್ಞೆ. ಅದ್ರಲ್ಲೂ ನಿನ್ನನ್ನ. ನಿನ್ನನ್ನ ತಡೆಯೋಕೇ ಭಾವ ನನಗೆ ಸಂಬಳ." ರಸ್ಸೆಲನ ಕಣ್ಣಲ್ಲಿ ನೀರಿತ್ತು, ಚಳಿಗೋ ಏನೋ. "ಕಾಲಿಗೆ ಬೀಳ್ತೀನಿ, ಮೇಲೆ ಹತ್ತಬೇಡ. ಹಂಗಂತ ಮನೆಗೂ ಹೋಗ್ಬೇಡ. ಸಾಹೇಬ್ರು ಬರೋ ಹೊತ್ತಾಯ್ತು. ಇಲ್ಲೇ ಕೂತ್ಕೋ."

ಓರ್ವಿಲ್ ಗುಡ್ಡ ನೋಡಿದ. ಸೀಟಿ ಹಿಡಿದು ನಿಂತವರನ್ನು ನೋಡಿದ. ಎಲ್ಲರೂ ಮೂರನೇ ಮೆಷೀನಿನವರು, ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತಿದ್ದುದು ಈ ವಾರ ಮಾತ್ರ. ಅವನು ಕಲ್ಲುಕಟ್ಟೆಯ ಮೇಲೆ ಕೂತ. ಯಾರೋ ಬಿಸಿ ಕಾಫಿ ತಂದುಕೊಟ್ಟರು. ಇನ್ಯಾರೋ ತಮ್ಮ ಕೋಟು ಹೊದೆಸಿದರು. ಸಾಹೇಬರ ಕಾರು ಬಂತು, ಅವನನ್ನು ಕಂಡು ವೇಗ ಹೆಚ್ಚಿಸಿ ಒಳಗೆ ನುಗ್ಗಿತು. ಕಾವಲುಗಾರರು ಓರ್ವಿಲನ ಬೆನ್ನು ತಟ್ಟಿದರು.

ಬಿಸಿಲು ಇಳಿಯುವ ಹೊತ್ತಿಗೆ, ಬೇಲಿಯಾಚೆ, ಬೀಗ ಹಾಕಿದ ಮೂರನೇ ಮೆಷೀನಿನ ಷೆಡ್ಡಿನ ಹಿಂದಿನಿಂದ ಜಿಂಕೆಗಳು ಬಂದವು. ಯಾರ ಅಪ್ಪಣೆಯೂ ಇಲ್ಲದೆ ಮಿಲ್ಲಿನ ಅಂಗಳದಲ್ಲಿ ಹಿಮ ಕೆದರಿ ಹುಲ್ಲು ತಿಂದವು. ಒಂದು ಹೆಣ್ಣುಜಿಂಕೆ ಬೇಲಿಯವರೆಗೆ ಬಂದು, ಲೋಟಕ್ಕೆ ಹೊಡೆಯುವಷ್ಟು ಹತ್ತಿರ ನಿಂತು, ಓರ್ವಿಲನನ್ನೇ ನೋಡಿತು. ಅವನ ಕೋವಿ ತುಂಬಿತ್ತು. ಎರಡನೇ ಗುಂಡು ಎಡಗೈಗೆ ಎಟುಕುವಂತಿತ್ತು. ರಸ್ಸೆಲ್, ಬೇಡ ಭಾವ, ಸಾಹೇಬ್ರಿಗೆ ಗೊತ್ತಾಗತ್ತೆ, ಎಂದು ತುಟಿಯಲ್ಲೇ ಹೇಳಿದ.

ಬೆಳಕು ಹೋಯಿತು. ಆ ವರ್ಷದ ಬೇಟೆ ಮುಗಿಯಿತು. ಓರ್ವಿಲ್ ಕೋವಿಯ ಬಟ್ಟಲಿನಲ್ಲಿ ಕಿಡಿ ಕಾಣದೆ ಉಳಿದ ಮದ್ದನ್ನು ಹಿಮಕ್ಕೆ ಊದಿ ಎದ್ದು ನಿಂತ.

ಒಳಗಿನಿಂದ ಸುದ್ದಿ ಬಂತು. ಸಾಹೇಬರು ಕಾವಲನ್ನು ಮುಂದುವರಿಸಲು ಒಪ್ಪಿದ್ದರು. ಯಾರೋ ಟೋಪಿ ಹಾರಿಸಿದರು. ಯಾರೋ ಕುಣಿದರು.

"ಭಾವ, ನಾಳೆ ಬರ್ತೀಯಲ್ಲ?" ರಸ್ಸೆಲ್ ಅವನ ತೋಳು ಹಿಡಿದುಕೊಂಡ.

"ನಾಳೆಯಿಂದ ಬೇಟೆ ಇಲ್ವಲ್ಲೋ. ಏನು ಹೊತ್ಕೊಂಡು ಬರ್ಲಿ?"

"ಏನಾದ್ರೂ. ಆಲೂಗಡ್ಡೆ ಆದ್ರೂ ಸರಿ," ಎಂದ ರಸ್ಸೆಲ್. "ಭಾರ ಇದ್ದಂಗೆ ಕಾಣ್ಬೇಕು, ಅಷ್ಟೆ."